ರೆಪ್ಪೆ ಮುಚ್ಚಿದ ದಂಡು

ಬಹಳ ಹಿಂದೆ, ಕಡಲಾಚೆಯ ಹಡಗುಗಳು ಇತ್ತ ಮುಖ ಮಾಡಿದ ಕಾಲಕ್ಕೆ, ಸಿಡಿಗಲ್ಲು ಎಂಬೊಂದು ರಾಜ್ಯವಿತ್ತು. ಅಲ್ಲಿಯ ಅರಮನೆಯ ಗೋಡೆಯ ತುಂಬ ಒಂದು ಕಾಳಗದ ಚಿತ್ರ. ಕೆಂಪು ಅಂಗಿಯ ಪರದೇಶಿ ದಂಡನ್ನು ಸಿಡಿಗಲ್ಲಿನವರು ಹೊಳೆಯ ತನಕ ಅಟ್ಟಿದ್ದರು. ಆ ಕಾಳಗದಲ್ಲಿ ಮಡಿದ ತಮ್ಮವರನ್ನೆಲ್ಲ ಚಿತ್ರಗಾರರು ಕುದುರೆ, ಆನೆಗಳ ಸಮೇತ ಗೋಡೆಗೆ ತಂದಿದ್ದರು.

ಕಾಲ ಸರಿಯಿತು. ಪರದೇಶಿಗಳು ಮತ್ತೆ ಬಂದರು. ಈ ಸಲ ಅವರ ಮುಂದೆ ಒಬ್ಬ ಮಾಂತ್ರಿಕನಿದ್ದ. ಜನ ಅವನನ್ನು ಟೋಪಿದೊರೆ ಎನ್ನುತ್ತಿದ್ದರು. ಅರಸ ಮಡಿದ, ಕೋಟೆ ಬಿತ್ತು, ಅರಸನ ಮಗಳು ಅಡವಿ ಸೇರಿದಳು. ಟೋಪಿದೊರೆ ಗೋಡೆಯ ಚಿತ್ರ ನೋಡಿ ಮೀಸೆಯಡಿ ನಕ್ಕ. ಬಟ್ಟೆಯ ಮೇಲೆ ಕೈಯಿಂದ ತೆಗೆದ ನಕಲಿಗೆ ಅವನು ಉಸಿರೂದಿದರೆ ಅದರೊಳಗಿನದು ಎದ್ದು ಬರುತ್ತಿತ್ತು. ಎದ್ದು ಬಂದದ್ದಕ್ಕೆ ಸಾವಿರಲಿಲ್ಲ. ಅಂಥ ದಂಡು ಕಟ್ಟಿ ಸುತ್ತಲ ಸೀಮೆಯನ್ನೆಲ್ಲ ನುಂಗಬೇಕೆಂಬುದು ಅವನ ಆಸೆ.

ಬಿಲ್ಲೋಜನೆಂಬ ಚಿತ್ರಗಾರನನ್ನು ಹಿಡಿದು ತರಿಸಿ, "ನಕಲು ತೆಗೆ" ಎಂದ.

"ಸತ್ತವರನ್ನು ಜೀತಕ್ಕೆ ಎಬ್ಬಿಸುವ ಕೈ ಇದಲ್ಲ ಬುದ್ಧೀ."

ಟೋಪಿದೊರೆ ಮಂತ್ರ ಹಾಕಿದ. ಮರುಕ್ಷಣ ಬಿಲ್ಲೋಜ ನಿಂತಿದ್ದ ಜಾಗ ಬರಿದಾಯಿತು. ಗೋಡೆಯ ಚಿತ್ರದಲ್ಲಿ, ಆನೆಯ ಕಾಲಡಿ, ಹೊಸದೊಂದು ಮುಖ ಮೂಡಿತು.

ಬಿಲ್ಲೋಜನ ಹೆಂಡತಿ ಮಾಚವ್ವ. ಮಾವ ಮಲ್ಲೋಜನ ಬಳಿ ಬಣ್ಣ ಅರೆಯುತ್ತ ಅರೆಯುತ್ತ ಕುಂಚ ಹಿಡಿಯುವುದನ್ನೂ ಕಲಿತವಳು. ಟೋಪಿದೊರೆ ಅವಳನ್ನು ಕರೆಸಿದ. "ಮೂರು ಬಟ್ಟೆ ಬರೆದುಕೊಡು. ಕುದುರೆಯದೊಂದು, ಆನೆಯದೊಂದು, ಆಳುಗಳದೊಂದು. ಮೂರನೆಯದು ಎದ್ದ ದಿನ ಗಂಡ ನಿನ್ನವನು."

"ಏನು ಮಾಡಲಿ ಮಾವಾ?" ಎಂದಳು ಮಾಚವ್ವ.

"ಅವನು ಗೋಡೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಇದ್ದಾನೆ ತಾಯೀ. ನೋಡಲಾರೆ. ಬರೆದುಕೊಡು. ಮುಂದಿನದನ್ನು ಶಿವ ನೋಡಿಕೊಳ್ಳಲಿ."

ಮಾಚವ್ವ ಕುದುರೆಗಳನ್ನು ಬರೆದಳು. ಅವರ ಮನೆತನದಲ್ಲಿ ಕಣ್ಣು ಕೊನೆಗೆ. ಉಪವಾಸವಿದ್ದು ಕಣ್ಣಿಡಬೇಕು, ಆ ಕಣ್ಣು ತೆರೆಯುವ ಗಳಿಗೆಯಲ್ಲಿ ಎದುರಿಗೆ ಕನ್ನಡಿ ಇರಬೇಕು. ಹೊಸ ಕಣ್ಣಿನ ಮೊದಲ ನೋಟ ಬೆಂಕಿ. ಅದು ಕನ್ನಡಿಯ ಮೇಲೆ ಬೀಳಬೇಕೇ ಹೊರತು ಮನುಷ್ಯರ ಮೇಲಲ್ಲ. ಮಲ್ಲೋಜ ಕನ್ನಡಿ ಹಿಡಿದ. ಪಕ್ಕಕ್ಕೆ ನಿಂತು ಟೋಪಿದೊರೆ ಉಸಿರೂದಿದ. ಕನ್ನಡಿ ಚಟ್ಟನೆ ಸೀಳಿತು, ಕುದುರೆಗಳು ಹೊರಗೆ ಹಾರಿದವು. ಸಂಜೆಯೊಳಗೆ ಕೆರೆಯಂಚಿನ ಊರುಗಳು ಗೊರಸಿನಡಿ ನುರಿದುಹೋದವು. ಮಾಚವ್ವ ಕೈ ತೊಳೆದೇ ತೊಳೆದಳು. ಬಣ್ಣ ಹೋಯಿತು, ಸಂಕಟ ಹೋಗಲಿಲ್ಲ.

ಎರಡನೆಯ ಬಟ್ಟೆಯಲ್ಲಿ ಅವಳು ಬೇಕೆಂದೇ ಆನೆಗಳ ಒಂದೊಂದು ಕಾಲನ್ನು ಗಿಡ್ಡವಾಗಿ ಬರೆದಳು. ಮಲ್ಲೋಜ ಬೇರೊಂದು ಕನ್ನಡಿ ಹಿಡಿದ. ಎದ್ದ ಆನೆಗಳು ಕುಂಟುತ್ತ ಬಂದವು.

"ನನಗೇ ಆಟವೇ?" ಎಂದ ಟೋಪಿದೊರೆ. ಒದ್ದೆ ಅರಿವೆ ತೆಗೆದುಕೊಂಡು ಗೋಡೆಯ ಮೇಲಿನ ಬಿಲ್ಲೋಜನ ಬಲಗೈಯನ್ನು ಒರೆಸಿ ಹಾಕಿದ.

"ಬೇಡ ಬುದ್ಧೀ! ಅದು ಕುಂಚ ಹಿಡಿಯುವ ಕೈ!" ಎಂದು ಮಲ್ಲೋಜ ಕಾಲಿಗೆ ಬಿದ್ದ. ಟೋಪಿದೊರೆ ಆನೆಗೆ ಸನ್ನೆ ಮಾಡಿದ. ಬಿದ್ದ ಮುದುಕ ಮತ್ತೆ ಏಳಲಿಲ್ಲ.

ಮಾವನನ್ನು ಮಣ್ಣು ಮಾಡಿ ಬಂದ ಮಾಚವ್ವನ ಮುಂದೆ ಮೂರನೆಯ ಬಟ್ಟೆ ಹಾಸಿದರು.

"ಈ ಆಳುಗಳಿಗೆ ನನ್ನ ಕೆಂಪು ಅಂಗಿ ತೊಡಿಸು."

"ಇವರು ನಿಮ್ಮವರ ಮೇಲೆ ಕಾದಾಡಿ ಸತ್ತವರು ಬುದ್ಧೀ."

"ಅದಕ್ಕೇ."

ಒಬ್ಬೊಬ್ಬರನ್ನೇ ಬರೆದಳು. ಒಬ್ಬೊಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದು ಅಂಗಿ ತೊಡಿಸಿದಳು. ಕಣ್ಣಿನ ಹೊತ್ತಿಗೆ ಕುಂಚ ಕೆಳಗಿಟ್ಟಳು.

"ಯಾಕೆ ನಿಂತೆ?"

"ಮನೆಯಲ್ಲಿ ಸಾವಾಗಿದೆ. ಸೂತಕದ ಕೈ ಕಣ್ಣು ಬರೆಯಬಾರದು. ಸೂತಕ ಕಳೆಯಲಿ."

"ನಿನ್ನ ಸೂತಕ ಕಾಯುತ್ತ ಕೂರಲು ನಾನೇನು ನಿನ್ನ ಮನೆಯ ಬೀಗನೇ? ಕೊಡು ಇತ್ತ. ಚುಕ್ಕಿ ಇಡಲು ಎಂಥ ವಿದ್ಯೆ ಬೇಕು!"

ಟೋಪಿದೊರೆ ತಾನೇ ಕುಂಚ ಹಿಡಿದು ಕಣ್ಣಿಡುತ್ತ ಹೋದ. ಈ ಸಲ ಕನ್ನಡಿ ಹಿಡಿಯಲು ಮಲ್ಲೋಜ ಇರಲಿಲ್ಲ. ಮಾಚವ್ವ ಸುಮ್ಮನಿದ್ದಿದ್ದರೆ ಸಾಕಿತ್ತು. ಮಾವನ ಮೈ ಹೇಗೆ ಬಿದ್ದಿತ್ತೆಂಬುದು ಇನ್ನೂ ಕಣ್ಣಮುಂದಿತ್ತು. ಆದರೆ ಆ ಮಾವ ಕಲಿಸಿದ್ದನ್ನು ಮುಚ್ಚಿಡಲು ಅವಳ ಬಾಯಿ ಒಪ್ಪಲಿಲ್ಲ.

"ಕನ್ನಡಿ ಹಿಡಿಸಿ ಬುದ್ಧೀ. ಮೊದಲ ನೋಟ ಮೈಮೇಲೆ ಬಿದ್ದರೆ ಸುಡುತ್ತದೆ."

"ನನ್ನ ದಂಡು ನನ್ನನ್ನಲ್ಲದೆ ಮತ್ತಾರನ್ನು ಮೊದಲು ನೋಡಬೇಕು?" ಎನ್ನುತ್ತ ಅವನು ಬಟ್ಟೆಯ ಎದುರಿಗೇ ನಿಂತು ಉಸಿರೂದಿದ.

ಆಳುಗಳು ಕಣ್ಣು ತೆರೆದರು. ಎದುರಿಗಿದ್ದವನನ್ನು ನೋಡಿದರು. ಯಾರೂ ಕೂಗಲಿಲ್ಲ, ಯಾರೂ ಕತ್ತಿ ಎತ್ತಲಿಲ್ಲ. ಬರೀ ನೋಡಿದರು. ಟೋಪಿದೊರೆ ನಿಂತಲ್ಲೇ ಹತ್ತಿಕೊಂಡು ಉರಿದ. ಕೊನೆಗೆ ಹಿಡಿಬೂದಿ, ಅದರ ಮೇಲೆ ಕಮಟು ವಾಸನೆಯ ಒಂದು ಟೋಪಿ.

ಅವನ ಉಸಿರು ನಿಂತ ಗಳಿಗೆಗೇ ಕುದುರೆ, ಆನೆಗಳು ಬಣ್ಣವಾಗಿ ಕರಗಿ ಮಣ್ಣಿಗಿಳಿದವು. ಬಿಲ್ಲೋಜ ಗೋಡೆಯಿಂದ ಇಳಿದು ಬಂದ. ಬಲಗೈ ಇರಲಿಲ್ಲ. "ಅಪ್ಪ ಎಲ್ಲಿ?" ಎಂದ. ಮಾಚವ್ವ ಅವನ ಎದೆಗೆ ತಲೆಯಿಟ್ಟು ಅತ್ತಳು.

ತಾವೂ ಕರಗುವ ಮುನ್ನ ಆಳುಗಳು ಕೆಂಪು ಅಂಗಿ ಕಳಚಿ ರಾಶಿ ಹಾಕಿದರು. ಅವರಲ್ಲಿ ಹಿರಿಯನೊಬ್ಬ ಮುಂದೆ ಬಂದ. "ದಣಿದಿದ್ದೇವೆ ತಾಯೀ. ಮತ್ತೆ ಯಾರೂ ಎಬ್ಬಿಸದ ಹಾಗೆ ಮಲಗಿಸು." ಹಾಗೆಂದು ಒಬ್ಬೊಬ್ಬರಾಗಿ ಗೋಡೆಯೊಳಗೆ ನಡೆದುಹೋದರು.

ಸೂತಕ ಕಳೆದ ಮೇಲೆ ಮಾಚವ್ವ ಉಪವಾಸವಿದ್ದು, ಗೋಡೆಯ ಮೇಲಿನ ಪ್ರತಿಯೊಂದು ಕಣ್ಣಿಗೂ ರೆಪ್ಪೆ ಬರೆದು ಮುಚ್ಚಿದಳು. ನಕಲಿನ ಬಟ್ಟೆಗಳನ್ನು ಹೊಳೆಗೆ ಬಿಟ್ಟಳು. ಪರದೇಶಿಗಳು ಹಡಗು ಹತ್ತಿದರು. ಅರಸನ ಮಗಳು ಅಡವಿಯಿಂದ ಬಂದು ಪಟ್ಟವೇರಿದಳು, ನುರಿದ ಊರುಗಳನ್ನು ಮತ್ತೆ ಕಟ್ಟಿಸಿದಳು. ಅಲ್ಲಿಂದ ಮುಂದೆ ಮಾಚವ್ವ ದೇವರ ಪಟಗಳನ್ನು ಬರೆದಳು. ಕಣ್ಣು ತೆರೆಸುವಾಗ ಬಿಲ್ಲೋಜ ಎಡಗೈಯಲ್ಲಿ ಕನ್ನಡಿ ಹಿಡಿದು ನಿಲ್ಲುತ್ತಿದ್ದ. ಹಾಗೆಯೇ ಇಬ್ಬರೂ ತುಂಬು ಬಾಳು ಬಾಳಿದರು.

ಗೋಡೆಯ ಮೇಲಿನ ದಂಡು ಮಲಗಿಯೇ ಇತ್ತು. ಅದು ಮಲಗಿದ್ದರಿಂದ ಸಿಡಿಗಲ್ಲಿನ ಮನೆಮನೆಯಲ್ಲೂ ಮಕ್ಕಳು ಹೆದರದೆ ಕಣ್ಣು ಮುಚ್ಚಿದವು.