ನಾಲ್ಕನೇ ಸಲ ಬಿಚ್ಚಿದ ಹೊಲಿಗೆ

ಬೀದಿಯ ಮೇಲ್ತುದಿಯ ಗಡಿಯಾರದಂಗಡಿಯ ಅನ್ಸೆಲ್ಮೊ ನಾಲ್ಕನೇ ಸಲ ಅದೇ ಕಂದು ಕೈಗವಸು ಹಿಡಿದು ನಮ್ಮ ಕೈಗವಸಿನಂಗಡಿಯ ಬಾಗಿಲಲ್ಲಿ ನಿಂತ. ಅವನ ಹಿಂದೆ ರುವಾ ದೊ ಕಾರ್ಮು ಬೀದಿಯ ಕಲ್ಲುಹಾಸಿನ ಮೇಲೆ ಸಂಜೆಬಿಸಿಲು ಜಾರುತ್ತಿತ್ತು. ಸುಟ್ಟ ಚೆಸ್ಟ್‌ನಟ್ಟಿನ ಹೊಗೆ ಅವನ ಕೋಟಿಗೆ ಅಂಟಿಕೊಂಡೇ ಒಳಗೆ ಬಂತು. ಲಿಸ್ಬನ್ನಿನಲ್ಲಿ ಇಷ್ಟು ಪುಟ್ಟ ಅಂಗಡಿ ಇನ್ನೊಂದಿರಲಾರದು. ಒಬ್ಬ ಗಿರಾಕಿ ಒಳಗಿದ್ದರೆ ಮಿಕ್ಕವರು ಬೀದಿಯಲ್ಲೇ ಕಾಯಬೇಕು. ಹಾಗಾಗಿ ಅವನಿದ್ದಷ್ಟು ಹೊತ್ತು ಅವನು ನನ್ನೊಬ್ಬಳಿಗೇ.

"ಮತ್ತೆ ಹೆಬ್ಬೆರಳಾ?"

"ಮತ್ತೆ ಹೆಬ್ಬೆರಳೇ," ಅಂದ, ಕಣ್ಣು ತಪ್ಪಿಸುತ್ತಾ.

"ನೀವು ಗಡಿಯಾರ ರಿಪೇರಿ ಮಾಡ್ತೀರೋ, ಕಲ್ಲು ಒಡೀತೀರೋ?"

ಹೊಲಿಗೆ ಬಿಟ್ಟರೆ ಬಿಟ್ಟಿಯಾಗಿ ಹೊಲಿದು, ನಾವೇ ತೊಡಿಸಿ ನೋಡಿ ಕೊಡುವುದು ನಮ್ಮ ರೂಢಿ. ಗಿರಾಕಿ ಮಖಮಲ್ಲಿನ ದಿಂಬಿನ ಮೇಲೆ ಮೊಣಕೈ ಊರಬೇಕು. ನಾನು ಒಂದೊಂದೇ ಬೆರಳಿಗೆ ಚರ್ಮವನ್ನು ಸವರಿ ಇಳಿಸಬೇಕು. ಅವನ ಕಿರುಬೆರಳಿಗೆ ಬರುವಷ್ಟರಲ್ಲಿ ನನಗೆ ಉಸಿರಾಡುವುದೇ ಮರೆತಿರುತ್ತಿತ್ತು.

ದಾರ ತಾನಾಗಿ ಸವೆದರೆ ತುದಿ ಹತ್ತಿಯ ಹಾಗೆ ಕೆದರಿರುತ್ತದೆ. ಇವನದು ಬ್ಲೇಡಿನಿಂದ ಕೊಯ್ದಂತೆ ನೀಟಾಗಿತ್ತು. ಎರಡನೇ ಸಲವೇ ನನಗೆ ಗೊತ್ತಾಗಿತ್ತು. ಹೇಳಿದರೆ ನಾಚಿಕೊಂಡು ಬರುವುದನ್ನೇ ಬಿಟ್ಟಾನೆಂದು, ಆ ದಾರ ಕಿತ್ತೆಸೆದು ಕೈಗವಸನ್ನು ಪರದೆಯ ಹಿಂದೆ ಕೂತ ನನ್ನ ಸೋದರತ್ತೆ ಐಡಾಗೆ ಹೊಲಿಯಲು ಕೊಡುತ್ತಿದ್ದೆ.

ಇವತ್ತು ಪರದೆಯ ಹಿಂದಿನಿಂದ ಅತ್ತೆಯೇ ಎದ್ದು ಬಂದಳು. ಐವತ್ತು ವರ್ಷಗಳಿಂದ ಈ ಅಂಗಡಿಯ ಪ್ರತಿ ಹೊಲಿಗೆಯೂ ಅವಳದೇ.

"ಸಾಕು ಬೆನೆದೀತಾ. ಒಂದೇ ಹೊಲಿಗೆ ನಾಲ್ಕು ಸಲ ಬಿಡ್ತು. ನನ್ನ ಕಣ್ಣೂ ಹೋಯ್ತು, ಕೈಯೂ ಹೋಯ್ತು. ನಾಳೆಯಿಂದ ಸೂಜಿ ಮುಟ್ಟಲ್ಲ. ಬೇರೆ ಯಾರನ್ನಾದ್ರೂ ನೋಡ್ಕೋ."

ನಮ್ಮ ಕಳ್ಳಾಟದ ಪೆಟ್ಟು ಬಿದ್ದದ್ದು ಈ ಮುದಿಜೀವಕ್ಕೆ. ಅನ್ಸೆಲ್ಮೊನ ಕಿವಿ ಕೆಂಪಗಾಗಿತ್ತು. ಈಗಲೂ ಇವನು ಬಾಯಿ ಬಿಡದಿದ್ದರೆ ಇವನು ನನಗೆ ಬೇಡವೇ ಬೇಡ ಎಂದುಕೊಂಡೆ.

"ದೋನಾ ಐಡಾ, ನಿಮ್ಮ ಹೊಲಿಗೆ ಬಿಟ್ಟಿಲ್ಲ," ಎಂದ. "ನಾನೇ ಕೊಯ್ದೆ. ನಾಲ್ಕು ಸಲಾನೂ. ಅದನ್ನ ಕೊಯ್ದು ಕೊಯ್ದು ನನ್ನ ಬ್ಲೇಡೇ ಮೊಂಡಾಯ್ತು."

"ಯಾಕಪ್ಪಾ? ನಾನೇನು ಮಾಡಿದ್ದೆ ನಿಂಗೆ?"

"ಇವರು ನನ್ನ ಕೈ ಹಿಡ್ಕೊಳ್ಳೋದು ಕೈಗವಸು ತೊಡಿಸೋವಾಗ ಮಾತ್ರ."

ಅತ್ತೆ ನನ್ನತ್ತ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ. ತಪ್ಪಾಯ್ತು. ಇವರು ಬರ್ತಾ ಇರ್ಲಿ ಅಂತ ಆಸೆ ನಂಗೆ."

ಅತ್ತೆ ಕನ್ನಡಕ ಏರಿಸಿ, ಕೈಗವಸು ಇಸಿದುಕೊಂಡು, ದಾರದ ತುದಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೈಗವಸನ್ನು ತನ್ನ ಏಪ್ರನ್ನಿನ ಜೇಬಿಗೆ ತುರುಕಿದಳು.

"ಇದು ಇನ್ನು ನನ್ನ ಹತ್ರಾನೇ ಇರುತ್ತೆ. ಬರೋದಾದ್ರೆ ಬರಿಗೈಲಿ ಬಾ, ಕಳ್ಳ."

ಪರದೆಯ ಹಿಂದೆ ಸೂಜಿಡಬ್ಬಿ ತೆರೆದ ಸದ್ದು ಕೇಳಿಸಿತು. ಹೊರಗೆ ಯಾರೋ ಗಿರಾಕಿ ಬಾಗಿಲಿನ ಗಾಜು ತಟ್ಟಿದರು. ಅನ್ಸೆಲ್ಮೊ ದಿಂಬಿನ ಮೇಲೆ ಮೊಣಕೈ ಊರಿ ಬರಿಗೈ ಚಾಚಿದ. ತೊಡಿಸಲು ನನ್ನ ಬಳಿ ಏನೂ ಇರಲಿಲ್ಲ. ನನ್ನ ಕೈಯನ್ನೇ ಕೊಟ್ಟೆ.