ಮತ್ತೆ ಅದೇ ಕುರ್ಚಿ

“ಹೋದ ಟೆಸ್ಟಿಗೂ ನನ್ನ ಪಕ್ಕ ನೀವು, ಈ ಟೆಸ್ಟಿಗೂ ನೀವು! ಬೇಕಂತ್ಲೇ ಮಾಡೀರಿ!”

ಮೌನಿಕಾಳ ದನಿಗೆ ಸತ್ಯನಾರಾಯಣಪೇಟೆಯ ಆ ಕಂಪ್ಯೂಟರ್ ಸೆಂಟರೇ ತಿರುಗಿ ನೋಡಿತು.

ಮಾರೇಶ ತಬ್ಬಿಬ್ಬಾದ. “ಇಲ್ರಿ... ಕಂಪ್ಯೂಟರ್ ಹೆಂಗ ಕೊಟ್ಟೈತೋ ಹಂಗ ಬಿಟ್ಟೀನಿ.”

ನಾಲ್ಕು ಸಾಲು, ಸಾಲಿಗೆ ಐದು ಕುರ್ಚಿ. ಟೆಸ್ಟಿಗೆ ಯಾರು ಎಲ್ಲಿ ಕೂರಬೇಕೆಂದು, ಚೀಟಿ ಎತ್ತಿದ ಹಾಗೆ ಇಪ್ಪತ್ತು ಜನರ ನಂಬರ್ ತುಂಬುವ ಪ್ರೋಗ್ರಾಂ ಬರೆದವನು ಅವನೇ. ಇಬ್ಬರ ಊರೂ ಕುರುಗೋಡೇ ಬೇರೆ! ಅಕ್ಕಪಕ್ಕ ಕೂರುವ ಸುದ್ದಿ ಊರು ಮುಟ್ಟಿದರೆ ಅಪ್ಪ ಕೋರ್ಸು ಬಿಡಿಸಿಬಿಡುತ್ತಾನೆ ಎಂಬ ಭಯ ಅವಳಿಗೆ.

“ಇನ್ನ ನನ್ನ ಕೂಡ ಮಾತಾಡಬ್ಯಾಡ್ರಿ!”

“ಆತ್ರಿ... ನಾಳಿಂದ ಸಂಜಿ ಬ್ಯಾಚಿಗೆ ಹೋಗ್ತೀನಿ.”

ಹೇಳಿದಂತೆ ಹೋಗಿಯೇ ಬಿಟ್ಟ, ಪುಣ್ಯಾತ್ಮ!

‘ಅಷ್ಟು ಬೇಗ ಒಪ್ಪಬೇಕಿತ್ತಾ...?’ ಅವನ ಖಾಲಿ ಕುರ್ಚಿಯತ್ತ ಅವಳು ಮತ್ತೆ ಮತ್ತೆ ನೋಡಿದಳು.

ಎರಡು ದಿನ ಬಿಟ್ಟು ಶಶಿಕಾಂತ್ ಸರ್ ಟೂ-ಡಿ ಅರೇ ಪಾಠ ತೆಗೆದರು. “ಮೂರು ಸಾಲು, ಮೂರು ಕಾಲಂ. ಚೀಟಿ ಎತ್ತಿದಂಗ ರ‍್ಯಾಂಡಮ್ ನಂಬರ್ ತುಂಬ್ರಿ.”

ಮೌನಿಕಾ ರನ್ ಮಾಡಿದಳು. 41, 67, 34... ಮತ್ತೆ ಮಾಡಿದಳು. ಅವೇ 41, 67, 34!

“ಸರ್, ಹೊಸಾವು ಬರವಲ್ವು!”

“ಸೀಡ್, ಅಂದ್ರ ಶುರುವಿನ ನಂಬರ್ ಕೊಟ್ಟಿಲ್ಲಮ್ಮ. ಪ್ರತಿ ಸಲ ಹೊಸ ಸೀಡ್ ಕೊಡ್ಲಿಲ್ಲಂದ್ರ ಹಳೇ ನಂಬರೇ ಬರ್ತಾವು. ಸೀಟಿನ ಪ್ರೋಗ್ರಾಂ ಬರಿವಾಗ ಮಾರೇಶನೂ ಇದನ್ನೇ ಮರ್ತಿದ್ದ.”

ಮೌನಿಕಾ ಕೀಬೋರ್ಡ್ ಬಿಟ್ಟಳು. ಗೆಳತಿಯತ್ತ ತಿರುಗಿದಳು. “ಅರುಣಾ, ಟೆಸ್ಟಿಗೆ ನೀ ಎಲ್ಲಿ ಕುಂತಿದ್ದಿ?”

“ಕಿಟಕಿ ಹಂತ್ಯಾಕ, ಎರಡೂ ಸಲ. ಯಾಕ?”

ಇಪ್ಪತ್ತೂ ಜನ ಹಳೆಯ ಜಾಗದಲ್ಲೇ ಕುಳಿತಿದ್ದರು. ಅವಳ ಕಣ್ಣಿಗೆ ಬಿದ್ದದ್ದು ಮಾರೇಶನ ಕುರ್ಚಿಯೊಂದೇ!

‘ಉಳಿದವರನ್ನೆಲ್ಲ ಬಿಟ್ಟು ಅವನನ್ನೇ ಯಾಕೆ ನೋಡಿದೆ ನಾನು...?’ ಉತ್ತರ ಹೊಳೆದು ಕಣ್ಣು ತುಂಬಿತು. ಅವನ ಮೇಲೆ ಅವಳಿಗೆ ಪ್ರೀತಿ ಹುಟ್ಟಿ ಎಷ್ಟು ದಿನವಾಗಿತ್ತೋ!

ಆ ದಿನ ಸಂಜೆ ಬ್ಯಾಚು ಬಿಡುವ ತನಕ, ಊರಿನ ಎರಡು ಬಸ್ಸು ಬಿಟ್ಟು ಕಾದಳು. ಮೂರನೆಯದನ್ನು ಹತ್ತಿ, ಪಕ್ಕದ ಸೀಟಿಗೆ ಕರ್ಚೀಫು ಹಾಸಿದಳು. ಮಾರೇಶ ಹತ್ತಿದವನು ಅವಳನ್ನು ಕಂಡು ಬಾಗಿಲ ಹತ್ತಿರವೇ ನಿಂತ.

“ಬರ್ರಿ ಇಲ್ಲಿ... ಸುಮ್ನ ನಿಮ್ಮ ಮ್ಯಾಲೆ ತಪ್ಪು ಹೊರಿಸಿದ್ನಿ. ಕ್ಷಮಿಸ್ರಿ.”

“ನಂದೂ ತಪ್ಪೈತ್ರಿ. ನಿಮ್ಮ ಪಕ್ಕ ಸೀಟು ಬಂದಾಗ ಭಾಳ ಖುಷಿ ಆತು. ಪ್ರೋಗ್ರಾಂ ಸರಿ ಐತೋ ಇಲ್ಲೋ ನೋಡ್ಲೇ ಇಲ್ಲ...” ಅವನ ದನಿ ತಗ್ಗಿತು. “ನೀವಂದ್ರ ನಂಗ ಇಷ್ಟ, ಮೌನಿಕಾ.”

ಅವಳು ಕರ್ಚೀಫು ಎತ್ತಿದಳು. “ಕುಂದರ್ರಿ.”

“ಬಸ್ಸಿನ್ಯಾಗ ಎಲ್ಲಾ ನಮ್ಮೂರ ಮಂದೀನ... ನೋಡ್ತಾರ್ರಿ!”

“ನೋಡ್ಲಿ. ಅಪ್ಪಗ ನಾನೇ ಹೇಳ್ತೀನಿ. ಈ ಸೀಟು ಯಾವ ಕಂಪ್ಯೂಟರೂ ಕೊಟ್ಟಿಲ್ಲ, ನಾ ಹಿಡಿದೀನಿ!”