ತಟ್ಟೆ ಹಾಕದ ರೀಲು

ಸುಗ್ಗಿಯ ಕಾಲ. ಊರೆಲ್ಲ ಹೊಲದಲ್ಲಿದ್ದುದರಿಂದ ಮಧ್ಯಾಹ್ನ ಟಾಕೀಸು ಖಾಲಿಯಿತ್ತು. ನಾನು ಯಂತ್ರದ ಕೋಣೆಯಲ್ಲಿ ಸಂಜೆಯ ಆಟದ ರೀಲು ಓಡಿಸಿ ನೋಡುತ್ತಿದ್ದೆ. ಹಾಲಿವುಡ್ಡಿನ ಚಿತ್ರಗಳು ಆಗಷ್ಟೇ ಮಾತು ಕಲಿತ ಕಾಲದ ಹಾಡುಕುಣಿತದ ಚಿತ್ರವದು. ಚಿತ್ರ ರೀಲಿನಲ್ಲಿ, ಸದ್ದು ಬೇರೆ ಗ್ರಾಮಫೋನು ತಟ್ಟೆಯಲ್ಲಿ; ಎರಡನ್ನೂ ಒಟ್ಟಿಗೆ ಬಿಡಬೇಕು.

ಕೆಳಗೆ ನನ್ನ ತಂಗಿ ಪೊರಕೆ ಬದಿಗಿಟ್ಟು ಕೂತಿದ್ದಳು. ಗಂಡ ತೀರಿದ ಮೇಲೆ ಅವಳು ನಕ್ಕದ್ದು, ಆ ಚಿತ್ರದ ಹುಡುಗಿಯರ ಸಾಲು ಬೂಟು ಕುಟ್ಟಿ ಕುಣಿಯುವುದನ್ನು ನೋಡುವಾಗ ಮಾತ್ರ. ಅದಕ್ಕೇ ದಿನವೂ ಹಾಕುತ್ತಿದ್ದೆ.

ಟಕಟಕ ಸದ್ದು ಹೆಜ್ಜೆಗೆ ಸರಿಯಾಗಿ ಬರುತ್ತಿತ್ತು. ತಿರುಗಿ ನೋಡಿದರೆ ತಟ್ಟೆ ಇನ್ನೂ ಚೀಲದಲ್ಲೇ ಇದೆ, ಹಾಕುವುದನ್ನೇ ಮರೆತಿದ್ದೆ. ಇವಳದೇ ಕಿತಾಪತಿ ಎಂದು ಕಿಂಡಿಯಲ್ಲಿ ಇಣುಕಿದೆ. ಬರಿಗಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡಿದ್ದಳು.

“ನೆಲ ಕುಟ್ತಿರೋದು ನೀನೇನೇ?”

“ಗುಡಿಸೋಕೇ ಮೈ ಬಗ್ಗಲ್ಲ, ಇನ್ನು ಕುಟ್ತೀನಾ? ಇವತ್ತೇನಣ್ಣ, ಹಾಡೇ ಇಲ್ಲ, ಬರೀ ಕಾಲಿನ ಸದ್ದು?”

ಯಂತ್ರ ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ. ನೆಲ ಮಣ್ಣಿನದಾದರೂ ಹಲಗೆ ತುಳಿದಂತೆ ಕೇಳಿಸುತ್ತ ಕುರ್ಚಿಗಳ ನಡುವೆ ಬಂದು ಅವಳ ಸಾಲಿನಲ್ಲಿ ನಿಂತಿತು. ತಂಗಿ ಯಾರಿಗೋ ಜಾಗ ಬಿಡುವವಳಂತೆ ಸರಿದು ಕೂತಳು. ಅಷ್ಟು ಹೊತ್ತು ಉರಿದ ದೀಪದ ಪೆಟ್ಟಿಗೆ ಮುಟ್ಟಿದರೆ ತಣ್ಣಗಿತ್ತು.

“ಎದ್ದು ಬಾರೇ. ನಾಳೆ ಎರಡು ಸಲ ಹಾಕ್ತೀನಿ.”

“ಮಾತು ತಪ್ಪಬಾರದು,” ಎಂದು ಕೆಳಗಿನಿಂದ ಉತ್ತರ ಬಂತು. ತಂಗಿ ಎದ್ದು ಬಂದಳು.

ಆಮೇಲೆ ನಾನು ಆ ರೀಲು ಮುಟ್ಟಲಿಲ್ಲ. ಅವಳೂ ಕೇಳಲಿಲ್ಲ. ಮಾತು ತಪ್ಪಿದೆನೆಂದು ಬೇಜಾರೇ ಎಂದು ಒಮ್ಮೆ ನಾನೇ ಕೇಳಿದೆ.

“ನನಗ್ಯಾಕಣ್ಣ ಬೇಜಾರು?” ಎಂದಳು. “ಅವತ್ತು ನೀನು ಎದ್ದು ಬಾ ಅಂದಾಗ ನಾನು ಬಾಯೇ ಬಿಟ್ಟಿರ್ಲಿಲ್ವಲ್ಲ.”

ಕೊಟ್ಟ ಮಾತು ಇನ್ನೂ ಬಾಕಿ ಇದೆ.